ಬುರುಡೆಗೆ ಕೈ ಇರಲಿಲ್ಲ

ನಿನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ತಲೆ ಬೀಳಿಸುವುದು ಅನ್ನುತ್ತೇನೆ. ಕೇಳಿದವರು ನಗುತ್ತಾರೆ. ನಾನು ನಗುವುದಿಲ್ಲ, ಯಾಕೆಂದರೆ ಅದು ನಿಜ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಅದರ ತುದಿಯಲ್ಲಿ ಕರೆಂಟಿನ ಆಯಸ್ಕಾಂತ, ಆಯಸ್ಕಾಂತ ಹಿಡಿದುಕೊಂಡ ನಾಲ್ಕೂವರೆ ಕೆಜಿಯ ಅಲ್ಯೂಮಿನಿಯಂ ಗುಂಡು. ಗುಂಡಿನ ಹೊಟ್ಟೆಯಲ್ಲಿ ಪೆಟ್ಟು ಅಳೆಯುವ ಯಂತ್ರ. ಕಾಗದಪತ್ರದಲ್ಲಿ ಅದಕ್ಕೆ ಉದ್ದನೆಯ ಹೆಸರಿದೆ, ಲ್ಯಾಬಿನಲ್ಲಿ ನಾವು ಬುರುಡೆ ಅನ್ನುತ್ತೇವೆ. ಮಕ್ಕಳ ಆಟದ ಮೈದಾನಕ್ಕೆ ಹಾಸುವ ರಬ್ಬರನ್ನು ಕೆಳಗಿಟ್ಟು ಎರಡು ಮೀಟರ್ ಎತ್ತರದಿಂದ ಬುರುಡೆಯನ್ನು ಬಿಡುತ್ತೇನೆ. ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ಅಂಕಿ ಸಾವಿರ ದಾಟಿದರೆ ಆ ನೆಲಕ್ಕೆ ಬಿದ್ದ ಮಗು ಮತ್ತೆ ಏಳದೇ ಇರಬಹುದು, ನೆಲ ನಾಪಾಸು. ಸಾವಿರದ ಕೆಳಗಿದ್ದರೆ ಪಾಸು. ಹತ್ತೊಂಬತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ನನ್ನ ಹೆಸರು ದಾವಲಬಿ ನದಾಫ. ನನ್ನ ಅಪ್ಪ ರಾಜೇಸಾಬ ಗಾದಿ ಓಣಿಯಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುವವನು. ಮೆತ್ತನೆಯದು ನಿಮ್ಮ ಮನೆತನದ ಕಸುಬು ಅಂತ ಲ್ಯಾಬಿನವರು ಚೇಷ್ಟೆ ಮಾಡುತ್ತಾರೆ. ಗಂಡ ಗದಗದಲ್ಲಿ ಇನ್ನೊಂದು ಮನೆ ಮಾಡಿಕೊಂಡಿದ್ದಾನೆ, ಆ ಸುದ್ದಿ ಇಲ್ಲಿ ಬೇಡ. ನನಗಿರುವವಳು ಒಬ್ಬಳೇ ಮಗಳು, ತಸ್ಲೀಮಾ, ಈಗ ಅವಳಿಗೆ ಏಳು ವರ್ಷ.

ಈ ಕೆಲಸಕ್ಕೆ ನಾನು ಸುಮ್ಮನೆ ಬಂದವಳಲ್ಲ. ನನಗೆ ಒಂಬತ್ತು ವರ್ಷವಿದ್ದಾಗ ನನ್ನ ತಮ್ಮ ಹುಸೇನ ಶಾಲೆಯ ಜಾರುಬಂಡಿಯ ತುದಿಯಿಂದ ಕೆಳಗಿನ ಶಾಬಾದಿ ಫರಸಿಗೆ ಬಿದ್ದ. ಎರಡೂ ಕೈ ಮುಂದೆ ಚಾಚಿಯೇ ಬಿದ್ದ. ಎರಡೂ ಮುಂಗೈ ಮುರಿದವು, ಆದರೂ ತಲೆ ಉಳಿಯಲಿಲ್ಲ. ಅಷ್ಟು ಎತ್ತರಕ್ಕೆ ಕೈ ಏನು ಮಾಡೀತು, ಕೆಳಗೆ ಕಲ್ಲು. ಅವತ್ತಿನಿಂದ ನನಗೆ ಗಟ್ಟಿ ನೆಲ ಕಂಡರೆ ಸಿಟ್ಟು ಬರುತ್ತದೆ. ಊರಿನ ಒಂದೊಂದೇ ಮೈದಾನದ ಫರಸಿ ಕೀಳಿಸಿ ರಬ್ಬರು ಹಾಸಿಸುವಾಗ ನನಗೆ ಆಗುತ್ತಿದ್ದ ಸಮಾಧಾನ ಹೇಳಿದರೆ ತಿಳಿಯುವಂಥದ್ದಲ್ಲ.

ಐದು ವರ್ಷದ ಕೆಳಗೆ ನಮ್ಮೂರ ಮೈದಾನ ಮಂಡಳಿಯವರು ಎಲ್ಲ ಶಾಲೆ, ಅಂಗನವಾಡಿ, ಉದ್ಯಾನಗಳಿಗೂ ಒಂದೇ ಬಗೆಯ ನೆಲ ಹಾಸಬೇಕೆಂದು ನಿರ್ಧರಿಸಿದರು. ಆಯ್ಕೆ ಸಮಿತಿಗೆ ನನ್ನನ್ನೂ ಕರೆದರು. ಮಂಡಳಿಯ ಎಂಜಿನಿಯರು ಪ್ರಭುದೇವ ಯಲಿಗಾರರು ಎರಡು ಮಾದರಿ ತಂದು ನನ್ನ ಮುಂದಿಟ್ಟರು. ಒಂದು, ಹಳೆಯ ಟೈರು ಪುಡಿಮಾಡಿ ಅಚ್ಚು ಹಾಕಿದ ಬೂದು ಬಣ್ಣದ ದಪ್ಪ ಟೈಲು. ಬುರುಡೆ ಬಿಟ್ಟೆ, ಅಂಕಿ ಏಳುನೂರಾ ಎಂಬತ್ತು. ಪಾಸು. ಅದರ ಮೇಲೆ ಬಿದ್ದ ಮಗುವಿಗೆ ನೋವಾಗುತ್ತದೆ, ಕೈ ಮುರಿದರೂ ಮುರಿದೀತು, ಆದರೆ ತಲೆ ಒಡೆಯುವುದಿಲ್ಲ.

ಎರಡನೆಯದರ ಹೆಸರು ಮಡಿಲು. ಮೇಲ್ನೋಟಕ್ಕೆ ಅದೂ ರಬ್ಬರೇ. ಆದರೆ ರಬ್ಬರಿನ ಕೆಳಗೆ ಅಂಗೈಯಗಲದ ಸಾವಿರಾರು ಚೀಲಗಳು, ಚೀಲದೊಳಗೆ ಒಂದು ಥರದ ಗಂಜಿ. ಸಣ್ಣ ಕರೆಂಟು ಹರಿಯುತ್ತಿರುವ ತನಕ ಗಂಜಿ ಗಟ್ಟಿ, ಕರೆಂಟು ನಿಂತರೆ ನೀರು. ಮೂಲೆಯ ಕಂಬಗಳಲ್ಲಿ ಕ್ಯಾಮೆರಾ ಕಣ್ಣುಗಳಿದ್ದವು, ನೆಲದ ತುಂಬ ಹೆಜ್ಜೆಯ ಭಾರ ಓದುವ ತಂತಿಗಳಿದ್ದವು. ಮಗು ಎಡವಿದ ಕ್ಷಣದಿಂದ ತಲೆ ನೆಲ ಮುಟ್ಟುವುದಕ್ಕೆ ಸುಮಾರು ಅರ್ಧ ಸೆಕೆಂಡು ಬೇಕು. ಆ ನೆಲಕ್ಕೆ ಅದರ ಹತ್ತರಲ್ಲೊಂದು ಪಾಲು ಸಾಕಿತ್ತು. ಅಷ್ಟರಲ್ಲಿ ಮಗು ಎಲ್ಲಿ ಬೀಳುತ್ತದೆಂದು ಗೊತ್ತುಮಾಡಿಕೊಂಡು ಆ ಜಾಗದ ಚೀಲಗಳನ್ನು ಮಾತ್ರ ನೀರು ಮಾಡಿಬಿಡುತ್ತಿತ್ತು. ಓಡುವಾಗ ಗಟ್ಟಿ, ಬೀಳುವಾಗ ಮೆತ್ತಗೆ.

ಬುರುಡೆ ಬಿಟ್ಟೆ. ಸಪ್ಪಳವೇ ಆಗಲಿಲ್ಲ. ಅಂಕಿ ನಲವತ್ತು.

ಯಂತ್ರ ಕೆಟ್ಟಿದೆ ಅಂದುಕೊಂಡು ಮತ್ತೆ ಬಿಟ್ಟೆ. ನಲವತ್ತೊಂದು. ಹನ್ನೊಂದು ಸಲ ಬಿಟ್ಟೆ. ಕೊನೆಗೆ ನನ್ನ ಕಣ್ಣಲ್ಲಿ ನೀರು ಬಂತು, ಹುಸೇನ ನೆನಪಾದ.

"ಯಾವ್ದು ಹಾಕೂಣ್ರಿ ನದಾಫ ಮೇಡಂ?" ಅಂದರು ಯಲಿಗಾರ.

"ಇದನ್ನ ಬಿಟ್ಟು ಬ್ಯಾರೆ ಮಾತ ಬ್ಯಾಡ್ರಿ ಸರ್" ಅಂದೆ.

ತಪ್ಪು ನಡೆದದ್ದು ಅಲ್ಲಿ. ಸಾವಿರದ ಕೆಳಗಿದ್ದರೆ ಪಾಸು ಅಂತ ನಿಯಮ ಹೇಳುತ್ತದೆ. ಅಂಕಿ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ. ಆದರೆ ವರ್ಷಗಟ್ಟಲೆ ಅಂಕಿ ಇಳಿಸುವುದನ್ನೇ ಮಾಡಿದವರಿಗೆ ಇನ್ನೂ ಇಳಿಸಬೇಕು ಅನ್ನುವುದು ಚಟವಾಗಿಬಿಡುತ್ತದೆ. ನಮಗೆಲ್ಲ ಆ ಚಟ ಇತ್ತು, ನನಗೆ ಎಲ್ಲರಿಗಿಂತ ಹೆಚ್ಚು.

ಆ ಸಂಜೆ ಅಪ್ಪನ ಅಂಗಡಿಗೆ ಹೋಗಿ ಸುದ್ದಿ ಹೇಳಿದೆ. ಅಪ್ಪ ದಬ್ಬಣಕ್ಕೆ ದಾರ ಪೋಣಿಸುತ್ತಿದ್ದ. ಆಗ ತಸ್ಲೀಮಾಳಿಗೆ ಎರಡು ವರ್ಷ, ಅರಳೆಯ ಗುಡ್ಡೆಯಲ್ಲಿ ಮುಳುಗಿ ಏಳುತ್ತಿದ್ದಳು.

"ಎಷ್ಟ ಮೆತ್ತಗ ಐತಿ ಅದು?" ಅಂದ ಅಪ್ಪ.

"ಬಿದ್ದದ್ದ ಗೊತ್ತಾಗಂಗಿಲ್ಲಪ್ಪ."

ಅಪ್ಪ ದಬ್ಬಣ ಕೆಳಗಿಟ್ಟ. "ನಡಿಯಾಕ ಕಲೀದ ಕೂಸಿಗೆ ನಾವು ಗಾದಿ ಹೊಲಿಯಂಗಿಲ್ಲ. ನಿಮ್ಮಜ್ಜನ ಕಾಲದಿಂದ ಹಂಗ. ದೊಡ್ಡ ದೊಡ್ಡ ಮನಿಯವ್ರು ತೊಟ್ಲದ ಅಳತಿ ತಗೊಂಡ ಬರ್ತಾರ. ಕೌದಿ ಒಯ್ರಿ, ಹುಡುಗ ನಡದ ಮ್ಯಾಲೆ ಗಾದಿಗೆ ಬರ್ರಿ ಅಂತೀನಿ. ಮೆತ್ತಗ ಹಾಸಿದ್ರ ಕೂಸು ಮಗ್ಗಲಾ ಹೊಳ್ಳೂದ ಕಲಿಯಂಗಿಲ್ಲ ಬೇ. ನೆಲಾ ಒತ್ತಬೇಕು, ಅಂದ್ರ ಕೂಸೂ ಒತ್ತತೈತಿ."

"ನಿನ್ನ ಗಾದಿ ಪುರಾಣ ಇಲ್ಲಿ ತರಬ್ಯಾಡ. ಹುಸೇನ ಬಿದ್ದಾಗ ಕೆಳಗ ನಿನ್ನ ಕೌದಿನೂ ಇರಲಿಲ್ಲ."

ಹಾಗೆ ಅನ್ನಬಾರದಿತ್ತು. ಅಪ್ಪ ದಬ್ಬಣ ಎತ್ತಿಕೊಂಡ.

ಮಡಿಲು ಬಂತು. ಎರಡು ವರ್ಷದಲ್ಲಿ ಊರಿನ ಇನ್ನೂರ ಹನ್ನೆರಡು ಮೈದಾನಗಳಿಗೂ ಅದೇ ನೆಲ. ಮಂಡಳಿಯ ನಿಗಾ ಕೊಠಡಿಯಲ್ಲಿ ಗೋಡೆಯಗಲದ ಊರ ನಕ್ಷೆ. ಎಲ್ಲಿ ಮಗು ಬಿದ್ದರೂ ಅಲ್ಲೊಂದು ಹಸಿರು ದೀಪ ಮಿನುಗಿ ಆರುತ್ತಿತ್ತು. ಶಾಲೆಯ ಬಿಡುವಿನ ಹೊತ್ತಿಗೆ ನಕ್ಷೆ ಪೂರ್ತಿ ಹಸಿರಾಗುತ್ತಿತ್ತು. ಕೆಳಗೆ ಎರಡು ಸಾಲು: ಇಂದು ಬಿದ್ದದ್ದು ನಲವತ್ತೊಂದು ಸಾವಿರ, ಗಾಯ ಸೊನ್ನೆ. ಬೇರೆ ಊರುಗಳಿಂದ ಅಧಿಕಾರಿಗಳು ಅದನ್ನು ನೋಡಲು ಬರುತ್ತಿದ್ದರು. ಯಲಿಗಾರರು ನನ್ನನ್ನು ಕರೆಸಿ, "ಬುರುಡಿ ಮೇಡಂ ಇವ್ರ ನೋಡ್ರಿ" ಅಂತ ಪರಿಚಯ ಮಾಡಿಸುತ್ತಿದ್ದರು. ನಾನೂ ಉಬ್ಬುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ತಾಯಂದಿರು ಬೆಂಚಿನ ಮೇಲೆ ಕೂತು ಹರಟೆ ಹೊಡೆಯತೊಡಗಿದರು. ಏ ಬೀಳ್ತಿ, ಹುಷಾರು ಅನ್ನುವ ಕೂಗು ಉದ್ಯಾನಗಳಿಂದ ಮಾಯವಾಯಿತು. ಮಕ್ಕಳಿಗೆ ಬೀಳುವುದೇ ಆಟವಾಯಿತು. ಅದಕ್ಕೆ ಅವರೇ ಧೊಪ್ಪಾಟ ಅಂತ ಹೆಸರಿಟ್ಟರು. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಂಬದ ಹಾಗೆ ನಿಂತು, ಮುಖ ಅಡಿಯಾಗಿ ಬೀಳುವುದು. ನೆಲ ಬಾಯಿ ತೆರೆದು ನುಂಗಿ ಮತ್ತೆ ಮೇಲಕ್ಕೆ ಬಿಡುತ್ತಿತ್ತು. ಬೀಳುವಾಗ ಕೈ ಮುಂದೆ ತಂದವರು ಔಟು. "ಪುಕ್ಕಲಾ, ಪುಕ್ಕಲಾ" ಅಂತ ಉಳಿದವರು ಕೂಗುತ್ತಿದ್ದರು. ತಸ್ಲೀಮಾ ಆ ಆಟದಲ್ಲಿ ಅವಳ ವರ್ಗಕ್ಕೇ ಮೊದಲಿಗಳು. "ಅಮ್ಮಾ, ನಾ ಒಂದ ಸಲಾನೂ ಕೈ ಹಚ್ಚಿಲ್ಲ ನೋಡು" ಅನ್ನುತ್ತಿದ್ದಳು. ನಾನು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದೆ. ಹೌದು, ನಾನೇ.

ಕಳೆದ ವೈಶಾಖದಲ್ಲಿ ತಸ್ಲೀಮಾಳ ಗೆಳತಿ ಶ್ರಾವ್ಯಾ ಕಂಚಗಾರಳ ಚಿಕ್ಕಪ್ಪನ ಮದುವೆ. ನಾವೂ ಹೋಗಿದ್ದೆವು. ಊಟದ ಹಾಲಿಗೆ ಇಳಿಯಲು ಒಂದೇ ಒಂದು ಮೆಟ್ಟಿಲು, ಕೆಳಗೆ ಗ್ರಾನೈಟು. ಶ್ರಾವ್ಯಾ ಹೊಸ ಲಂಗದ ಅಂಚು ಕಾಲಿಗೆ ಸಿಕ್ಕಿ ಎಡವಿದಳು. ನಾನು ಎರಡು ಮಾರು ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದೆ, ಪೂರ್ತಿ ಕಂಡೆ. ಅವಳ ಕೈಗಳು ಅಲ್ಲಾಡಲಿಲ್ಲ. ಮೈಗೆ ಅಂಟಿಕೊಂಡೇ ಇದ್ದವು. ಬೀಳುವಾಗ ಮುಖದ ಮೇಲೆ ನಗು ಇತ್ತು. ಕೆಳಗಿನ ನೆಲ ತನ್ನನ್ನು ಹಿಡಿಯುತ್ತದೆಂದು ಆ ಕೂಸಿಗೆ ಖಾತ್ರಿ ಇತ್ತು.

ಆ ಸಪ್ಪಳ ನನಗೆ ಗೊತ್ತು. ದಿನಾ ಕೇಳುವ ಸಪ್ಪಳ ಅದು.

ಆಸ್ಪತ್ರೆಗೆ ಅವಳನ್ನು ಎತ್ತಿಕೊಂಡು ಓಡಿದವರಲ್ಲಿ ನಾನೂ ಒಬ್ಬಳು. ಒಳಗೆ ಒಯ್ದ ಮೇಲೆ ಅವಳ ತಾಯಿ ನನ್ನ ಕೈ ಹಿಡಿದುಕೊಂಡು, "ಒಂದ ಮೆಟ್ಟಲಾರಿ ದಾವಲಬಿ, ಒಂದ ಮೆಟ್ಟಲಾ" ಅಂತ ಅದನ್ನೇ ಅನ್ನುತ್ತಿದ್ದಳು. ಒಂದು ತಾಸಿನಲ್ಲಿ ಎಲ್ಲ ಮುಗಿಯಿತು.

ಹೊರಗೆ ಪಡಸಾಲೆಯಲ್ಲಿ ಪ್ಲಾಸ್ಟರು ಹಾಕುವ ಕೋಣೆಯ ಮುಂದೆ ಒಬ್ಬ ವಯಸ್ಸಾದ ನೌಕರ ಸ್ಟೂಲಿನ ಮೇಲೆ ಕೂತಿದ್ದ. ಕಲ್ಮೇಶ ಬಾರಕೇರ ಅಂತ. ಮುರಿದ ಕೈಕಾಲಿಗೆ ಪ್ಲಾಸ್ಟರು ಸುತ್ತುವುದು ಅವನ ಕೆಲಸ. ನನಗೆ ನೀರು ತಂದುಕೊಟ್ಟು ತಾನಾಗಿಯೇ ಮಾತು ತೆಗೆದ.

"ಈ ವರ್ಷ ಇದು ಒಂಬತ್ತನೇದ್ರಿ ಬಾಯಾರ. ಎಲ್ಲಾ ತಲಿನ. ಬಚ್ಚಲದಾಗ ಜಾರಿ ಬಿದ್ದದ್ದು, ಕಟ್ಟಿ ಮ್ಯಾಲಿಂದ ಬಿದ್ದದ್ದು. ಮೊದಲ ಸೂಟಿ ಬಂತಂದ್ರ ನನ್ನ ಕ್ವಾಣ್ಯಾಗ ಹುಡುಗ್ರ ಸಂತಿ. ಬರೇ ಮುಂಗೈ. ದಿನಾ ಐದಾರು. ಈಗ ಒಂದ ವರ್ಷ ಆತ್ರಿ, ಮುಂಗೈ ಮುರಕೊಂಡ ಒಂದ ಹುಡುಗ ಬಂದಿಲ್ಲ."

"ಅದು ಛಲೋ ಅಲ್ಲನ್ರಿ?" ಅಂದೆ, ಅಭ್ಯಾಸಕ್ಕೆ.

"ಮುಂಗೈ ಯಾಕ ಮುರಿತೈತಿ ಹೇಳ್ರಿ? ತಲಿ ಕಾಯಾಕ ಮುಂದ ಹೋಗಿರತೈತಿ ಅದು."

ಹತ್ತೊಂಬತ್ತು ವರ್ಷ ನಾನು ಬೀಳಿಸಿದ ಬುರುಡೆ ಕಣ್ಣ ಮುಂದೆ ಬಂತು. ದುಂಡನೆಯ, ನುಣುಪಾದ ಗುಂಡು. ಅದಕ್ಕೆ ಕೈ ಇರಲಿಲ್ಲ. ಕೈಯಿಲ್ಲದ ತಲೆಗೆ ಯಾವ ನೆಲ ಒಳ್ಳೆಯದು ಅಂತ ಅಳೆದು, ಆ ನೆಲವನ್ನು ಕೈಯಿದ್ದ ಮಕ್ಕಳಿಗೆ ಹಾಸಿದ್ದೆವು. ಈಗ ಮಕ್ಕಳು ಬುರುಡೆಯ ಹಾಗೆಯೇ ಬೀಳುತ್ತಿದ್ದವು.

ಮಾರನೆಯ ದಿನ ಬೆಳಿಗ್ಗೆಯೇ ನಿಗಾ ಕೊಠಡಿಗೆ ಹೋದೆ. ಯಲಿಗಾರರು ಚಹಾ ತರಿಸಿದರು. ಕಂಚಗಾರರ ಹುಡುಗಿಯ ಸುದ್ದಿ ಕೇಳಿ ಭಾಳ ಕೆಟ್ಟನಿಸಿತು ಅಂದರು.

"ಇಂಥಾವು ಒಂಬತ್ತ ಆಗ್ಯಾವ್ರಿ ಸರ್. ನಿಮ್ಮ ಬೋರ್ಡಿನ್ಯಾಗ ಸೊನ್ನಿ ಯಾಕ ಐತಿ?"

"ಮೈದಾನದ ಹೊರಗ ಬಿದ್ದದ್ದು ನಮ್ಮ ಬೋರ್ಡಿಗೆ ಬರಂಗಿಲ್ರಿ ಮೇಡಂ. ಅದು ಮನಿಯವ್ರ ಜವಾಬ್ದಾರಿ."

"ಬೀಳೂ ಮುಂದ ಮೈಯಾಗಿಂದ ಯಾವ ಭಾಗ ಮೊದಲ ಮುಟ್ಟತೈತಿ, ಅದನ್ನ ನೆಲ ಬರಕೊಂಡಿರತೈತಿ ಅಲ್ರಿ? ತಗಸ್ರಿ."

ಅವರಿಗೆ ಅದು ಯಾಕೆ ಅಂತ ತಿಳಿಯಲಿಲ್ಲ, ಆದರೂ ತೆಗೆಸಿದರು. ಒಳ್ಳೆಯ ಮನುಷ್ಯ ಅವರು, ಅದನ್ನು ಹೇಳಬೇಕು. ಪರದೆಯ ಮೇಲೆ ವರ್ಷವಾರು ಬಂತು. ಮೊದಲ ವರ್ಷ ನೂರು ಸಲ ಬಿದ್ದರೆ ತೊಂಬತ್ತೊಂದು ಸಲ ಕೈ ಮೊದಲು. ಎರಡನೆಯ ವರ್ಷ ಅರವತ್ತು. ಮೂರನೆಯ ವರ್ಷ ಇಪ್ಪತ್ತೆರಡು. ಹೋದ ವರ್ಷ ಆರು. ಯಲಿಗಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

ನೆಲಕ್ಕೆ ಒಂದೊಂದು ಮಗುವಿನ ನಡಿಗೆಯ ಗುರುತೂ ಇತ್ತು. "ನನ್ನ ಮಗಳದು ತಗೀರಿ" ಅಂದೆ. ತಸ್ಲೀಮಾ ನದಾಫ, ಎರಡನೆಯ ವರ್ಗ. ಒಂದು ವರ್ಷದಲ್ಲಿ ಬಿದ್ದದ್ದು ಎರಡು ಸಾವಿರದ ಮುನ್ನೂರ ಹದಿನಾಲ್ಕು ಸಲ. ಕೈ ಮೊದಲು ಬಂದದ್ದು ಸೊನ್ನೆ.

ಸೊನ್ನೆ ಬರಬೇಕು ಅಂತ ಇಷ್ಟು ವರ್ಷ ಹಂಬಲಿಸಿದವಳು ನಾನು. ಬಂತು.

"ನಾಳೆನ ಈ ನೆಲಾ ಕೀಳಸ್ರಿ" ಅಂದೆ.

"ನಾಳೆ ಕೀಳಿಸಿದ್ರ ನಾಡದು ಮೂವತ್ತೆಂಟ ಸಾವಿರ ಹುಡುಗ್ರು ಗಟ್ಟಿ ನೆಲದ ಮ್ಯಾಲೆ ಮುಖಾ ಮಾಡಿ ಬೀಳ್ತಾವ್ರಿ. ಎಷ್ಟ ಉಳೀತಾವ ನೀವ ಹೇಳ್ರಿ."

ಅದೂ ನಿಜ. ಹಿಂದೆ ಹೋಗಲು ದಾರಿಯೇ ಇಲ್ಲದ ಹಾಗೆ ಮಾಡಿಕೊಂಡಿದ್ದೆವು. "ಹಂಗಾರ ತಿಂಗಳಿಗೆ ಒಂದೀಟ ಗಟ್ಟಿ ಮಾಡಕೋಂತ ಬರ್ರಿ. ಗಂಜಿ ನಿಮ್ಮ ಕೈಯಾಗ ಐತಿ. ಸ್ವಲ್ಪ ನೋವಾಗಲಿ. ನೋವಾದ್ರ ಕೈ ಬರತಾವ."

ಯಲಿಗಾರರು ನಕ್ಷೆಯ ಕಡೆ ತಿರುಗಿದರು. "ಬೇಕಂತ ನೆಲಾ ಗಟ್ಟಿ ಮಾಡೂ ಕಾಗದಕ್ಕ ಸಹಿ ಯಾರ ಹಾಕ್ತಾರ್ರಿ? ಮೊದಲನೇ ಹುಡುಗನ ಕೈ ಮುರದ ದಿನ ಅವನ ಅಪ್ಪ ಅವ್ವ ಇಲ್ಲಿ ಬಂದ ನಿಲ್ತಾರ. ಏನ ಹೇಳ್ಲಿ? ನಿಮ್ಮ ಮಗನ ಕೈ ಮುರೀಲಿ ಅಂತ ನಾವ ಮಾಡೇವಿ ಅನ್ಲ್ಯಾ?" ಮೇಜಿನ ಮೇಲಿನ ಕಡತ ಎಳೆದುಕೊಂಡು, "ಮನಿ ಒಳಗೂ, ಫುಟ್‌ಪಾತಿಗೂ ಮಡಿಲು ಹಾಸೂ ಯೋಜನೆ ಒಂದ ಬಂದೈತಿ. ಅದಾದ್ರ ಎಲ್ಲಾ ಸರಿ ಹೋಗತೈತಿ ಮೇಡಂ" ಅಂದರು.

ಗಾಯಕ್ಕೆ ಅದೇ ಕತ್ತಿಯನ್ನು ಮದ್ದು ಅನ್ನುವವರ ಜೊತೆ ಏನು ಮಾತಾಡುವುದು? ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಊರಿನ ಮಕ್ಕಳ ಕೈ ನನ್ನಿಂದ ತಿರುಗಿ ಬರುವುದು ಸಾಧ್ಯವಿರಲಿಲ್ಲ. ನನ್ನ ಮಗಳದು ಬರಲೇಬೇಕಿತ್ತು, ಅವಳು ಇನ್ನೊಂದು ಮೆಟ್ಟಿಲ ಮೇಲೆ ಎಡವುವ ಮೊದಲು.

ಅಪ್ಪನ ಅಂಗಡಿಗೆ ಹೋಗಿ ಅವನ ಮುಂದೆ ಕೂತೆ. ಎಲ್ಲ ಹೇಳಿದೆ. ಹಿಂದೆ ಆಡಿದ್ದ ಮಾತಿಗೆ ತಪ್ಪಾಯಿತು ಅಂದೆ. ಮೆತ್ತನೆಯ ಗಾದಿಯಿಂದ ಗಟ್ಟಿಯದಕ್ಕೆ ಒಂದೊಂದೇ ಇಳಿಸುತ್ತಾ ಮಗಳಿಗೆ ಬೀಳುವುದನ್ನು ಕಲಿಸಬೇಕು ಅಂದೆ. "ಎಷ್ಟ ಗಾದಿ ಬೇಕು?" ಅಂದ ಅಪ್ಪ.

"ಏಳು. ಮೊದಲನೇದು ಒಂದ ಗೇಣ ದಪ್ಪ. ಒಂದಕ್ಕಿಂತ ಒಂದ ತೆಳ್ಳಗ."

ಜೀವನಪೂರ್ತಿ ಗಾದಿಯನ್ನು ಇನ್ನಷ್ಟು ಮೆತ್ತಗೆ ಮಾಡುವುದನ್ನು ಕಲಿತ ಮುದುಕ ಗಟ್ಟಿ ಗಾದಿ ಹೊಲಿಯಲು ಕೂತ. ಹತ್ತಿ ಬಡಿದು ಬಡಿದು ತುಂಬಿದ. ನಾನು ಅವನ್ನು ರವಿವಾರ ಲ್ಯಾಬಿಗೆ ಒಯ್ದು ಒಂದು ಮೀಟರಿನಿಂದ ಬುರುಡೆ ಬಿಟ್ಟು ನೋಡಿದೆ. ಮೂರನೆಯ ಗಾದಿಗೆ ಏಳುನೂರಾ ಎಪ್ಪತ್ತು ಬಂತು. ಹೆಚ್ಚುಕಡಿಮೆ ಆ ಬೂದು ಟೈಲಿನದೇ ಅಂಕಿ. ಅವತ್ತು ನಾನು ಬೇಡ ಅಂದ ಟೈಲು. ಅಲ್ಲೇ ಗೋಡೆಗೊರಗಿ ಸ್ವಲ್ಪ ಹೊತ್ತು ಅತ್ತೆ, ನೋಡುವವರು ಯಾರೂ ಇರಲಿಲ್ಲ.

ಅಂಗಡಿಯ ಹಿಂದಿನ ಅಂಗಳದಲ್ಲಿ ಶುರುಮಾಡಿದೆವು. ದಿನಾ ಶಾಲೆ ಬಿಟ್ಟ ಮೇಲೆ. ತಸ್ಲೀಮಾಳಿಗೆ ಮೊದಮೊದಲು ಆಟವೇ ಆಟ. ಕೈ ಬೆನ್ನಿಗೆ ಕಟ್ಟಿ ಮೊದಲ ಗಾದಿಯ ಮೇಲೆ ಧೊಪ್ಪನೆ ಬಿದ್ದು ನಗುತ್ತಿದ್ದಳು. ಎರಡನೆಯದರ ಮೇಲೆ ನಗು ನಿಂತಿತು. ಮೂರನೆಯದರ ಮೇಲೆ ಮೂಗಿನಿಂದ ರಕ್ತ ಬಂತು. ಅವಳಿಗೆ ನೋವಿಗಿಂತ ಸೋಜಿಗವೇ ಹೆಚ್ಚು. "ಅಮ್ಮಾ, ನೆಲಾ ಕೆಟ್ಟೈತಿ" ಅಂದಳು.

"ನೆಲಾ ಕೆಟ್ಟಿಲ್ಲವಾ. ಕೈ ಮುಂದ ತಾ. ಅಂಗೈ ಹಚ್ಚು."

"ಕೈ ಹಚ್ಚಿದ್ರ ಔಟು."

"ಇಲ್ಲಿ ಕೈ ಹಚ್ಚದವ್ರು ಔಟು."

ಬೀಳು ಅಂತ ಹೇಳಿ ಬೀಳಿಸಿದರೆ ಕೈ ಬರುತ್ತಿತ್ತು. ಎರಡು ವಾರದಲ್ಲಿ ಅಷ್ಟು ಕಲಿತಳು. ಆದರೆ ಎಡವುವಾಗ ಯಾರೂ ಹೇಳಿ ಎಡವುವುದಿಲ್ಲ. ಕೈ ಬರಬೇಕಾದದ್ದು ಯೋಚನೆಗಿಂತ ಮೊದಲು, ಕಣ್ಣಿಗೆ ಧೂಳು ಬಂದಾಗ ರೆಪ್ಪೆ ಮುಚ್ಚುವ ಹಾಗೆ. ಅದಕ್ಕೆ ಹೇಳದೆ ದೂಡಬೇಕು. ಹೇಳದೆ ದೂಡಿದ ಮೊದಲ ದಿನ ಅವಳ ಕೈ ಮೈಗಂಟಿಕೊಂಡೇ ಇತ್ತು, ಶ್ರಾವ್ಯಾಳ ಕೈ ಇದ್ದ ಹಾಗೆಯೇ.

"ನೀ ಒಂದ ಸಲ ದೂಡಪ್ಪ, ನನ್ನ ಸಪ್ಪಳಾ ಅಕಿಗೆ ಗೊತ್ತಾಗತೈತಿ" ಅಂದೆ.

ಅಪ್ಪ ತಲೆಯಲ್ಲಾಡಿಸಿದ. "ಗಾದಿ ಹೊಲಿಯೂದು ನನ್ನ ಕೆಲಸ. ದೂಡೂದು ನಿಂದು. ಅಕಿಗೆ ಯಾರರೇ ಒಬ್ರು ಉಳೀಬೇಕಲ್ಲ, ಬೆನ್ನ ಕೊಟ್ಟ ಕುಂದ್ರಾಕ."

ದೂಡಿದೆ. ನಾಲ್ಕು ತಿಂಗಳು ದೂಡಿದೆ. ತಲೆ ಬಾಚುತ್ತಾ ದೂಡಿದೆ, ತಿಂಡಿ ಕೊಡಲು ಕರೆದು ದೂಡಿದೆ, ಮುದ್ದು ಮಾಡಿ ಬಿಡುತ್ತಲೇ ದೂಡಿದೆ. ಹೆತ್ತವಳು ಮಾಡುವ ಕೆಲಸವಾ ಇದು ಅಂತ ನನ್ನನ್ನೇ ಬೈದುಕೊಂಡು ದೂಡಿದೆ. ನಾಲ್ಕನೆಯ ಗಾದಿಗೆ ಬಂದಾಗ ಹತ್ತಕ್ಕೆ ಎರಡು ಸಲ ಕೈ ಬಂತು. ಐದನೆಯದಕ್ಕೆ ಐದು. ಏಳನೆಯದು ಗಾದಿಯೇ ಅಲ್ಲ, ಅಪ್ಪ ಕೂಸುಗಳಿಗೆ ಕೊಡುವಂಥ ಕೌದಿ. ಅದರ ಮೇಲೆ ಹತ್ತಕ್ಕೆ ಒಂಬತ್ತು ಸಲ. ಅಷ್ಟರಲ್ಲಿ ತಸ್ಲೀಮಾ ಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಡೆಯುವುದನ್ನು ರೂಢಿಮಾಡಿಕೊಂಡಿದ್ದಳು. ತಲೆಯನ್ನು ತಾನೇ ಬಾಚಿಕೊಳ್ಳುತ್ತಿದ್ದಳು, ಬೈತಲೆ ಸೊಟ್ಟಗಿರುತ್ತಿತ್ತು. ಶಾಲೆಯ ಧೊಪ್ಪಾಟದಲ್ಲಿ ದಿನಾ ಮೊದಲಿಗೇ ಔಟಾಗುತ್ತಿದ್ದಳು, ಪುಕ್ಕಲಿ ಅನ್ನಿಸಿಕೊಂಡು ಬರುತ್ತಿದ್ದಳು.

ಆಗ ಶಾಲೆಯಿಂದ ಚೀಟಿ ಬಂತು. ಬರುವ ಸೋಮವಾರ ಬಾದಾಮಿಗೆ ಪ್ರವಾಸ. ಬಾದಾಮಿಯೆಂದರೆ ಮೆಟ್ಟಿಲು, ಬರೀ ಕಲ್ಲಿನ ಮೆಟ್ಟಿಲು. ಕಳಿಸುವುದಿಲ್ಲ ಅಂತ ಬರೆದುಕೊಡಬಹುದಿತ್ತು. ಒಂದು ಬಾದಾಮಿ ತಪ್ಪಿಸಬಹುದು. ಆಮೇಲೆ ಮದುವೆ ಮನೆ, ಬಸ್ ನಿಲ್ದಾಣ, ಬಚ್ಚಲು, ನಮ್ಮದೇ ಹೊಸ್ತಿಲು. ಜಗತ್ತೆಲ್ಲ ಬಾದಾಮಿಯೇ. ಹತ್ತಕ್ಕೆ ಒಂಬತ್ತು ಅಂದರೆ ಆ ಹತ್ತನೆಯದು ಯಾವತ್ತು ಬರುತ್ತದೋ ಯಾರಿಗೆ ಗೊತ್ತು? ಕಲ್ಲನ್ನು ಒಂದು ಸಲ ಮುಟ್ಟಿದ ಕೈ ಮತ್ತೆ ಮರೆಯುವುದಿಲ್ಲ ಅಂತ ನನ್ನ ಮನಸ್ಸು ಹೇಳುತ್ತಿತ್ತು. ಮುಟ್ಟದಿದ್ದರೆ ಏನು ಅಂತಲೂ ಗೊತ್ತಿತ್ತು. ಫರಸಿಯ ಮೇಲೆ ಒಂದು ಮೀಟರಿನಿಂದ ಬುರುಡೆ ಬಿಟ್ಟರೆ ಬರುವ ಅಂಕಿ ನನಗೆ ಬಾಯಿಪಾಠ. ಅದನ್ನು ಇಲ್ಲಿ ಬರೆಯಲಾರೆ.

ಶನಿವಾರ ಬೆಳಿಗ್ಗೆ ಅಂಗಡಿಯ ಮುಂಬಾಗಿಲಲ್ಲಿ ತಸ್ಲೀಮಾ ನಿಂತಿದ್ದಳು. ಮುಂದೆ ಒಂದು ಮೆಟ್ಟಿಲು, ಕೆಳಗೆ ಶಾಬಾದಿ ಫರಸಿ. ಎದುರು ಕಟ್ಟೆಯ ಮೇಲಿನ ಬೆಕ್ಕಿನ ಮರಿ ನೋಡುತ್ತಾ ಮೈಮರೆತಿದ್ದಳು. ಎಷ್ಟೋ ದಿನಗಳ ಮೇಲೆ ನನಗೆ ಬೆನ್ನು ಕೊಟ್ಟು ನಿಂತಿದ್ದಳು. ಒಳಗೆ ಅಪ್ಪ ನನ್ನ ಮುಖ ನೋಡಿದ. ನನ್ನ ಮನಸ್ಸಿನಲ್ಲಿದ್ದದ್ದು ಅವನಿಗೆ ತಿಳಿಯಿತು. "ಬ್ಯಾಡ ದಾವಲಾ, ಕಲ್ಲೈತಿ" ಅಂದ ಮೆಲ್ಲಗೆ.

ದೂಡಿದೆ.

ಅರ್ಧ ಸೆಕೆಂಡು. ಅಷ್ಟರಲ್ಲಿ ಹುಸೇನನನ್ನು ನೋಡಿದೆ, ಶ್ರಾವ್ಯಾಳನ್ನು ನೋಡಿದೆ, ನಾನೇ ಹೆತ್ತು ನಾನೇ ಕೊಂದೆ ಅಂದುಕೊಂಡೆ. ಆಮೇಲೆ ಅವಳ ಎರಡೂ ಕೈ ಮುಂದೆ ಚಾಚಿದ್ದು ಕಂಡಿತು. ಬೆರಳು ಅಗಲಿಸಿ, ಅಂಗೈ ಬಿಚ್ಚಿ. ಬಲ ಮುಂಗೈ ಲಟಕ್ಕೆಂದಿತು. ತಲೆ ಫರಸಿಯಿಂದ ನಾಲ್ಕು ಬೆರಳು ಮೇಲೆ ನಿಂತಿತು.

ಅವಳು ಚೀರಿದಳು. ನಾನು ಅವಳನ್ನು ಎತ್ತಿ ಎದೆಗೊತ್ತಿಕೊಂಡು, "ಬಂತು, ಕೈ ಬಂತು" ಅಂತ ಅಳುತ್ತಾ ನಗುತ್ತಾ ಹುಚ್ಚಿಯ ಹಾಗೆ ಕೂಗಿದೆ. ಓಣಿಯ ಜನ ಬಂದು ನಿಂತು ನೋಡಿದರು. ಅಪ್ಪ ಗಾದಿಯ ಮೇಲೆ ಕೂತುಬಿಟ್ಟ, ಏಳಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮುಂಗೈಯ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು. ನನಗೆ ಅದಕ್ಕಿಂತ ಚಂದದ ಚಿತ್ರ ಬೇರೆ ಇಲ್ಲ ಅನ್ನಿಸಿತು. ಪ್ಲಾಸ್ಟರಿನ ಕೋಣೆಯಲ್ಲಿ ಕಲ್ಮೇಶ ಆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ತಲಿಗೆ ಬಂದದ್ದು ತಲಿಪಾಗಿಗೆ ಹೋತು ಬಿಡ್ರಿ" ಅಂದ. ಮಕ್ಕಳ ಕೈಗೆಂದು ಬೇರೆ ಇಟ್ಟಿದ್ದ ಪ್ಲಾಸ್ಟರಿನ ಡಬ್ಬಿ ತೆರೆದರೆ ಒಳಗಿದ್ದದ್ದು ಗಟ್ಟಿಯಾಗಿ ಹೋಗಿತ್ತು. ಬೇರೆ ವಾರ್ಡಿನಿಂದ ಇನ್ನೊಂದು ತರಿಸಿದ.

"ಹೆಂಗ ಬಿದ್ದಿ ಪುಟ್ಟಿ?" ಅಂತ ಕೇಳಿದ, ಪಟ್ಟಿ ನೆನೆಸುತ್ತಾ.

"ಮೆಟ್ಟಲ ಮ್ಯಾಲಿಂದ" ಅಂದೆ ನಾನು.

"ಅಮ್ಮ ದೂಡಿದ್ಲು" ಅಂದಳು ತಸ್ಲೀಮಾ. ಅಳು ನಿಂತಿತ್ತು. ಸುಮ್ಮನೆ ಇದ್ದದ್ದು ಇದ್ದ ಹಾಗೆ ಹೇಳಿದಳು.

ಕಲ್ಮೇಶ ಕೈ ನಿಲ್ಲಿಸಿ ನನ್ನನ್ನು ನೋಡಿದ. ಪೊಲೀಸರಿಗೆ ಹೇಳುತ್ತಾನೆ ಅಂದುಕೊಂಡೆ. ಹೇಳಿದರೂ ತಪ್ಪಿರಲಿಲ್ಲ. ಅವನು ಮತ್ತೆ ಪಟ್ಟಿ ಸುತ್ತತೊಡಗಿದ, ಒಂದರ ಮೇಲೊಂದು, ನಿಧಾನವಾಗಿ. ಪೂರ್ತಿ ಮುಗಿದ ಮೇಲೆ ಕೈ ತೊಳೆದು ಒರೆಸಿಕೊಂಡು ನನ್ನ ಹತ್ತಿರ ಬಂದ. ದನಿ ಸಣ್ಣದು ಮಾಡಿದ.

"ನನಗೂ ಮೊಮ್ಮಗಳದಾಳ್ರಿ. ಆರು ವರ್ಷ. ಮಡಿಲಿನ ಮ್ಯಾಲೇ ಬೆಳದಾಕಿ." ಬಾಗಿಲ ಕಡೆ ಒಮ್ಮೆ ನೋಡಿ, "ಯಾವುದರ ಮ್ಯಾಲೆ ಕಲಿಸಿದ್ರಿ?" ಅಂದ.

ಗಾದಿ ಓಣಿ, ರಾಜೇಸಾಬನ ಅಂಗಡಿ ಅಂದೆ. ಏಳು ಗಾದಿ. ದೂಡುವ ಕೈ ನಿಮ್ಮದೇ ಆಗಬೇಕು ಅಂತಲೂ ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ.

ಹೊರಗೆ ಬಂದೆವು. ಆಸ್ಪತ್ರೆಯ ಬಾಗಿಲಿಗೆ ಹನ್ನೊಂದು ಮೆಟ್ಟಿಲು, ಇಳಿಯುವುದು. ತಸ್ಲೀಮಾ ಮೇಲಿನ ಮೆಟ್ಟಿಲಲ್ಲಿ ನಿಂತಳು. ಕೊರಳಿಗೆ ಕಟ್ಟಿದ ಬಿಳಿ ಕೈ, ಸೊಟ್ಟ ಬೈತಲೆ. ಅವಳ ಇನ್ನೊಂದು ಕೈ ಹಿಡಿಯಲು ನಾನು ಕೈ ಚಾಚಿದೆ. ಅವಳು ಕೈ ಹಿಂದೆ ತೆಗೆದುಕೊಂಡು ಗೋಡೆಗೆ ಆತುಕೊಂಡಳು.

"ನೀ ಮುಂದ ನಡಿ ಅಮ್ಮಾ" ಅಂದಳು.

ನಾನು ಮುಂದೆ ನಡೆದೆ. ಹಿಂದಿರುಗಿ ನೋಡಲಿಲ್ಲ, ನೋಡಿದರೆ ಅವಳು ನಿಂತುಬಿಡುತ್ತಿದ್ದಳು. ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬೆನ್ನ ಹಿಂದಿನ ಅವಳ ಹೆಜ್ಜೆಗಳನ್ನು ಎಣಿಸಿದೆ. ಹನ್ನೊಂದೂ ಬಂದವು.